ಹಳೆ ಲ್ಯಾಪ್‌ಟಾಪಿಗೆ ಲಿನಕ್ಸ್: ಹಾರ್ಡ್‌ವೇರ್ ತಕರಾರು ತೆಗೆದಾಗ ಏನು ಮಾಡಬೇಕು

ಎಲ್ಲ ಸರಿಯಾಗಿದ್ದರೆ ಹಳೆ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕುವುದು ದೊಡ್ಡ ಕೆಲಸವೇ ಅಲ್ಲ. ಸ್ಕ್ರೀನ್ ಕಪ್ಪಾಯಿತು, ವೈಫೈ ಕಾಣಲಿಲ್ಲ, ಅರ್ಧಕ್ಕೆ ನಿಂತಿತು ಅಂದರೆ ಮಾತ್ರ ರಜಾ ದಿನ ಪೂರ್ತಿ ಅದಕ್ಕೇ ಹೋಗುತ್ತದೆ. ಆಗ ಹೆಚ್ಚಿನವರು ಮಾಡುವುದು ಒಂದೇ. ಮಿಂಟ್ ಆಗಲಿಲ್ವಾ, ಉಬುಂಟು ಇಳಿಸು. ಅದೂ ಆಗಲಿಲ್ವಾ, ಇನ್ನೊಂದು. ಸುಮ್ನೆ ಡೇಟಾ ದಂಡ. ಈ ಎಲ್ಲ ಡಿಸ್ಟ್ರೋಗಳ (ಲಿನಕ್ಸಿನ ಬೇರೆ ಬೇರೆ ರೂಪಗಳ) ಒಳಗೆ ಇರುವುದು ಲಿನಕ್ಸ್ ಕರ್ನಲ್ಲೇ (ಹಾರ್ಡ್‌ವೇರ್ ನಡೆಸುವ ತಿರುಳು), ಆವೃತ್ತಿ ಸ್ವಲ್ಪ ಹಿಂದೆ ಮುಂದೆ ಇರುತ್ತದೆ ಅಷ್ಟೆ. ಒಂದರಲ್ಲಿ ಹಟ ಹಿಡಿದ ಚಿಪ್ ಇನ್ನೊಂದರಲ್ಲೂ ಹಟ ಹಿಡಿಯುವುದೇ ಜಾಸ್ತಿ.

ಅದರ ಬದಲು ಲ್ಯಾಪ್‌ಟಾಪ್ ಎಲ್ಲಿಗೆ ಬಂದು ನಿಂತಿತು ಅಂತ ಗಮನಿಸಿ. ಲಿನಕ್ಸ್ ಬರೆದ ಪೆನ್ ಡ್ರೈವೇ ಕಾಣದಿದ್ದರೆ ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಂ) ಸೆಟ್ಟಿಂಗ್ ನೋಡಬೇಕು. ಬೂಟ್ ಮೆನು ಬಂದು ಆಮೇಲೆ ಕಪ್ಪಾದರೆ ಗ್ರಾಫಿಕ್ಸ್ ಮೇಲೆ ಅನುಮಾನ. ಫೈಲ್ ಕಾಪಿ ಆಗುವಾಗ ಸತ್ತರೆ ರ‍್ಯಾಮ್, ಡಿಸ್ಕ್, ಇಲ್ಲವೇ ಬಿಸಿ. ಇನ್‌ಸ್ಟಾಲ್ ಮುಗಿದ ಮೇಲೆ ಏಳದಿದ್ದರೆ ಬೂಟ್ ಲೋಡರ್, ಅಂದರೆ ಲಿನಕ್ಸನ್ನು ಏಳಿಸುವ ಪ್ರೋಗ್ರಾಂ. ಈ ಲೇಖನವೂ ಅದೇ ಕ್ರಮದಲ್ಲಿದೆ, ನಿಮ್ಮದು ನಿಂತ ಜಾಗಕ್ಕೆ ನೇರ ಹೋಗಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾಲ್ಕು ಸೆಟ್ಟಿಂಗ್ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತೇ ಆಗುವುದಿಲ್ಲ.

ಕಮಾಂಡ್‌ಗಳನ್ನು (ಟರ್ಮಿನಲ್ ಕಿಟಕಿಯಲ್ಲಿ ಟೈಪ್ ಮಾಡುವ ಆಜ್ಞೆಗಳನ್ನು) ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರ ಬಳಸಿ.

ವಿಂಡೋಸ್ ಅಳಿಸುವ ಮೊದಲು

ಹಳೆ ವಿಂಡೋಸ್ ಇನ್ನೂ ಏಳುತ್ತಿದ್ದರೆ ಅದರಿಂದ ಕೊನೆಯದಾಗಿ ಒಂದು ಕೆಲಸ ತೆಗೆದುಕೊಳ್ಳಿ. ಡಿವೈಸ್ ಮ್ಯಾನೇಜರ್ ತೆರೆದು ವೈಫೈ ಕಾರ್ಡ್, ಗ್ರಾಫಿಕ್ಸ್ ಮತ್ತು ಪ್ರೊಸೆಸರ್ ಹೆಸರು ಬರೆದಿಟ್ಟುಕೊಳ್ಳಿ. ಬಯೋಸ್ ಅಪ್‌ಡೇಟ್ ಬಾಕಿ ಇದ್ದರೆ ಈಗಲೇ ಮುಗಿಸಿ. ಹಳೆ ಮಾಡೆಲ್‌ಗಳಿಗೆ ಎಷ್ಟೋ ಕಂಪನಿಗಳು ಅದನ್ನು ವಿಂಡೋಸ್ ಪ್ರೋಗ್ರಾಂ ಆಗಿ ಮಾತ್ರ ಕೊಟ್ಟಿವೆ, ಆಮೇಲೆ ಪರದಾಡಬೇಕಾಗುತ್ತದೆ. ಬೇಕಾದ ಫೈಲ್‌ಗಳನ್ನು ಬೇರೆ ಡಿಸ್ಕಿಗೆ ಹಾಕಿಕೊಳ್ಳಿ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಪ್ರೊಸೆಸರ್ 64 ಬಿಟ್ ಹೌದೋ ಅಲ್ಲವೋ ನೋಡಿ. ಇಂಟೆಲ್ ಕೋರ್ 2 ಡುಯೋ ಆದರೆ 64 ಬಿಟ್. ಅದೇ 2006ರಲ್ಲಿ ಬಂದ, ನಡುವೆ 2 ಇಲ್ಲದ ಕೋರ್ ಡುಯೋ 32 ಬಿಟ್. ಪೆಂಟಿಯಂ ಎಂ, ಆಟಮ್ ಎನ್270 ಕೂಡ 32 ಬಿಟ್. ಉಬುಂಟು 17.10ರಿಂದ 32 ಬಿಟ್ ಡೆಸ್ಕ್‌ಟಾಪ್ ಐಎಸ್‌ಒ (ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳುವ ಫೈಲ್) ಕೊಡುವುದನ್ನು ನಿಲ್ಲಿಸಿತು. 2025ರಲ್ಲಿ ಬಂದ ಡೆಬಿಯನ್ 13 ಕೂಡ 32 ಬಿಟ್ ಇನ್‌ಸ್ಟಾಲರ್ ಕೈಬಿಟ್ಟಿತು. ಅಂಥ ಲ್ಯಾಪ್‌ಟಾಪಿಗೆ ಡೆಬಿಯನ್ 12 ಅಥವಾ ಆಂಟಿಎಕ್ಸ್ 23ರ 32 ಬಿಟ್ ಆವೃತ್ತಿ ಹಾಕಿ. ರ‍್ಯಾಮ್ 2 ಜಿಬಿ ಇದ್ದರೆ ಗ್ನೋಮ್‌ನಂಥ ಭಾರದ ಡೆಸ್ಕ್‌ಟಾಪಿನ ಆಸೆ ಬಿಡಿ. ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿ ಸಾಕು.

ಪೆನ್ ಡ್ರೈವ್ ಕಾಣುತ್ತಿಲ್ಲ

ಮೊದಲು ಇಳಿಸಿದ ಐಎಸ್‌ಒ ಫೈಲಿನ ಎಸ್‌ಎಚ್‌ಎ256 ಚೆಕ್‌ಸಮ್ (ಫೈಲ್ ಸರಿಯಾಗಿ ಇಳಿದಿದೆಯಾ ಅಂತ ಹೇಳುವ ಗುರುತು) ಇಳಿಸಿದ ಸೈಟಿನಲ್ಲಿ ಕೊಟ್ಟಿದ್ದರ ಜೊತೆ ಹೋಲಿಸಿ ನೋಡಿ. ಬೇಜಾರಿನ ಕೆಲಸ, ನಿಜ. ಆದರೆ ಅರ್ಧಂಬರ್ಧ ಇಳಿದ ಫೈಲ್ ಕೊಡುವ ಕಾಟ ಹಾರ್ಡ್‌ವೇರ್ ಕೆಟ್ಟ ಹಾಗೆಯೇ ಕಾಣುತ್ತದೆ.

ಐಎಸ್‌ಒವನ್ನು ಪೆನ್ ಡ್ರೈವಿಗೆ ರೂಫಸ್ ಪ್ರೋಗ್ರಾಂನಲ್ಲಿ ಬರೆಯುತ್ತಿದ್ದರೆ ಹಳೆ ಲ್ಯಾಪ್‌ಟಾಪಿಗೆ ಪಾರ್ಟಿಷನ್ (ಡಿಸ್ಕಿನ ಭಾಗ ಮಾಡುವ) ವಿಧ ಎಂಬಿಆರ್ ಆಗಿರಲಿ. ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟ್ ಬಿಟ್ಟು ಯುಎಸ್‌ಬಿ 2 ಪೋರ್ಟಿಗೆ ಚುಚ್ಚಿ. ಯುಎಸ್‌ಬಿ 3 ಹೊಸದಾಗಿ ಬಂದಾಗ ಅದಕ್ಕೆ ಬೇರೆಯೇ ಒಂದು ಚಿಪ್ ಕೂರಿಸುತ್ತಿದ್ದರು. ಆ ಚಿಪ್ ಮೂಲಕ ಬೂಟ್ ಮಾಡುವುದು ಕೆಲವು ಬಯೋಸ್‌ಗಳಿಗೆ ಗೊತ್ತೇ ಇಲ್ಲ. ಆನ್ ಮಾಡಿದ ತಕ್ಷಣ ಎಫ್12, ಎಫ್9 ಅಥವಾ ಎಸ್ಕೇಪ್ ಒತ್ತಿದರೆ ಬೂಟ್ ಮೆನು ಬರುತ್ತದೆ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಪ್ರೋಗ್ರಾಂ ಏಳದಂತೆ ತಡೆಯುವ ಸೆಟ್ಟಿಂಗ್) ಇದ್ದರೆ ಸದ್ಯಕ್ಕೆ ಆಫ್ ಮಾಡಿ.

2013–14ರ ಸುಮಾರಿನ ಅಗ್ಗದ ಆಟಮ್ (ಬೇ ಟ್ರೇಲ್) ಲ್ಯಾಪ್‌ಟಾಪ್‌ಗಳದ್ದು ಬೇರೆಯೇ ಕಥೆ. ಪ್ರೊಸೆಸರ್ 64 ಬಿಟ್, ಯುಇಎಫ್‌ಐ (ಬಯೋಸ್‌ನ ಹೊಸ ರೂಪ) ಮಾತ್ರ 32 ಬಿಟ್. ಪೆನ್ ಡ್ರೈವ್ ಸರಿಯಾಗಿಯೇ ಇರುತ್ತದೆ, ಆದರೂ ಮೆನುವಿನಲ್ಲಿ ಕಾಣುವುದಿಲ್ಲ. ಅದರೊಳಗಿನ ಇಎಫ್‌ಐ ಫೋಲ್ಡರ್, ಅದರೊಳಗೆ ಬೂಟ್ ಫೋಲ್ಡರ್ ತೆರೆದು ನೋಡಿ. ಬೂಟ್‌ಐಎ32 ಅನ್ನುವ ಇಎಫ್‌ಐ ಫೈಲ್ ಇಲ್ಲದಿದ್ದರೆ ಆ ಐಎಸ್‌ಒ ಈ ಲ್ಯಾಪ್‌ಟಾಪಿಗೆ ಆಗಿಬರುವುದಿಲ್ಲ. ಇರುವ ಡಿಸ್ಟ್ರೋ ಹುಡುಕಿ.

ಮೆನು ಬಂತು, ಆಮೇಲೆ ಕತ್ತಲು

ಮೊದಲು ಮೊಬೈಲ್ ಟಾರ್ಚ್ ಹಾಕಿ ಸ್ಕ್ರೀನಿಗೆ ಓರೆಯಾಗಿ ಬೆಳಕು ಬಿಡಿ. ಮಸುಕಾಗಿ ಅಕ್ಷರವೋ ಐಕಾನೋ ಕಂಡರೆ ಚಿತ್ರ ಬರುತ್ತಿದೆ, ಹಿಂದಿನ ದೀಪ ಮಾತ್ರ ಆರಿದೆ ಅಂತ ಅರ್ಥ. ಬ್ರೈಟ್‌ನೆಸ್ ಕೀ ಒತ್ತಿ ನೋಡಿ. ಆಗದಿದ್ದರೆ ಬೂಟ್ ಸಾಲಿಗೆ 'ಎಸಿಪಿಐ_ಬ್ಯಾಕ್‌ಲೈಟ್=ವೆಂಡರ್' ಸೇರಿಸಬೇಕು. ಹೇಗೆ ಸೇರಿಸುವುದು ಅಂತ ಈಗಲೇ ಹೇಳುತ್ತೇನೆ, ಮುಂದೆಲ್ಲ ಇದೇ ಬೇಕಾಗುತ್ತದೆ.

ಗ್ರಬ್ (ಲಿನಕ್ಸಿನ ಬೂಟ್ ಲೋಡರ್) ಮೆನುವಿನಲ್ಲಿ ಬೇಕಾದ ಸಾಲಿನ ಮೇಲೆ ನಿಂತು 'ಇ' ಕೀ ಒತ್ತಿ. ನಾಲ್ಕಾರು ಸಾಲುಗಳ ಪಠ್ಯ ತೆರೆಯುತ್ತದೆ. ಅದರಲ್ಲಿ 'ಲಿನಕ್ಸ್' ಅಂತ ಶುರುವಾಗುವ ಉದ್ದದ ಸಾಲು ಹುಡುಕಿ. ಅಲ್ಲಿ 'ಕ್ವಯಟ್ ಸ್ಪ್ಲಾಶ್' ಅಂತ ಇದ್ದರೆ ಅಳಿಸಿ. ಅದೇ ಜಾಗದಲ್ಲಿ 'ನೋಮೋಡ್‌ಸೆಟ್' ಅಂತ ಒಂದೇ ಪದವಾಗಿ ಟೈಪ್ ಮಾಡಿ, ಎಫ್10 ಅಥವಾ ಕಂಟ್ರೋಲ್ ಜೊತೆ ಎಕ್ಸ್ ಒತ್ತಿ. ಈ ಬದಲಾವಣೆ ಆ ಒಂದು ಬೂಟಿಗೆ ಮಾತ್ರ, ಹೆದರಬೇಕಿಲ್ಲ.

'ಕ್ವಯಟ್' ಅಳಿಸಿದರೆ ಕಪ್ಪು ಸ್ಕ್ರೀನಿನ ಬದಲು ಕರ್ನಲ್ ಸಂದೇಶಗಳು ಓಡುತ್ತವೆ. ನಿಂತಾಗ ಕೊನೆಯ ಹತ್ತು ಸಾಲಿನ ಫೋಟೋ ತೆಗೆದುಕೊಳ್ಳಿ. ಅದರಲ್ಲಿ 'ನೂವೋ', 'ರೇಡಿಯಾನ್', 'ಐ915' ಹೆಸರು ಕಂಡರೆ ಗ್ರಾಫಿಕ್ಸ್ ಕಡೆಯ ತಕರಾರು. 'ಎಟಿಎ' ಅಂತ ಮತ್ತೆ ಮತ್ತೆ ಬಂದರೆ ಡಿಸ್ಕ್. 'ಎಸಿಪಿಐ' (ಪವರ್ ನೋಡಿಕೊಳ್ಳುವ ವ್ಯವಸ್ಥೆ) ಹತ್ತಿರ ನಿಂತರೆ ಹೆಚ್ಚಾಗಿ ಬಯೋಸ್ ಜೊತೆ ಜಗಳ.

'ನೋಮೋಡ್‌ಸೆಟ್' ಹಾಕಿದಾಗ ಡೆಸ್ಕ್‌ಟಾಪ್ ಬಂದರೆ ಕಳ್ಳ ಸಿಕ್ಕಿದ ಹಾಗೆಯೇ. ಕರ್ನಲ್ಲಿನ ಗ್ರಾಫಿಕ್ಸ್ ಡ್ರೈವರ್ ಸ್ಕ್ರೀನ್ ವಹಿಸಿಕೊಳ್ಳದಂತೆ ಅದು ತಡೆಯುತ್ತದೆ. ಅಕ್ಷರ ದಪ್ಪಗೆ ಕಾಣುತ್ತವೆ, ವಿಡಿಯೋ ತಡವರಿಸುತ್ತದೆ. ಇನ್‌ಸ್ಟಾಲ್ ಮುಗಿಸುವಷ್ಟಕ್ಕೆ ಅದು ಸಾಕು, ಹಾಗೇ ಬಿಟ್ಟು ಬಳಸಬೇಡಿ. ಎಎಂಡಿ ರೇಡಿಯಾನ್ ಆದರೆ ಫರ್ಮ್‌ವೇರ್ (ಚಿಪ್ ಒಳಗೆ ಓಡುವ ಸಣ್ಣ ಪ್ರೋಗ್ರಾಂ) ಫೈಲ್ ಇಲ್ಲದಿರುವುದೇ ಸಾಮಾನ್ಯ ಕಾರಣ. ಡೆಬಿಯನ್ನಲ್ಲಿ 'ಫರ್ಮ್‌ವೇರ್-ಎಎಂಡಿ-ಗ್ರಾಫಿಕ್ಸ್' ಪ್ಯಾಕೇಜ್ ಹಾಕಿದರೆ ಸರಿಹೋಗುತ್ತದೆ. ಎನ್‌ವಿಡಿಯಾ ಜೀಫೋರ್ಸ್ 8 ಮತ್ತು 9 ಸರಣಿಯ ಚಿಪ್‌ಗಳಿಗೆ ಬೇಕಿದ್ದ 340 ಡ್ರೈವರಿಗೆ ಕಂಪನಿ 2019ರ ಕೊನೆಗೇ ಕೈಮುಗಿಯಿತು. 400 ಮತ್ತು 500 ಸರಣಿಯ 390 ಡ್ರೈವರಿಗೆ 2022ರ ಕೊನೆಗೆ. ಅವನ್ನು ಹೊಸ ಕರ್ನಲ್ಲಿಗೆ ಒಗ್ಗಿಸಲು ಒದ್ದಾಡುವುದಕ್ಕಿಂತ ಕರ್ನಲ್ ಜೊತೆಗೇ ಬರುವ ನೂವೋ ಡ್ರೈವರ್‌ನಲ್ಲಿ ಇರುವುದು ವಾಸಿ ಅನ್ನುವುದು ನನ್ನ ಅಭಿಪ್ರಾಯ. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್ ಆದರೆ ಬಯೋಸ್‌ನಲ್ಲಿ ದೊಡ್ಡ ಚಿಪ್ ಆಫ್ ಮಾಡುವ ಆಯ್ಕೆ ಇದೆಯಾ ನೋಡಿ. ಇದ್ದರೆ ಕಣ್ಣು ಮುಚ್ಚಿ ಆಫ್ ಮಾಡಿ. ಹಳೆ ಲ್ಯಾಪ್‌ಟಾಪ್‌ನಲ್ಲಿ ಅದು ಬ್ಯಾಟರಿ ತಿನ್ನುವುದೇ ಜಾಸ್ತಿ.

ಗ್ರಾಫಿಕ್ಸ್ ತನಕವೂ ಹೋಗದೆ ನಿಂತರೆ 'ಎಸಿಪಿಐ=ಆಫ್' ಹಾಕಿ ಒಮ್ಮೆ ನೋಡಿ. ಅದು ಪರೀಕ್ಷೆಗೆ ಮಾತ್ರ. ಕಾಯಂ ಆಗಿ ಇಟ್ಟರೆ ಬ್ಯಾಟರಿ ಎಷ್ಟಿದೆ ಅಂತ ಕಾಣುವುದಿಲ್ಲ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಫ್ಯಾನ್ ಕೂಡ ಹೇಳಿದ ಮಾತು ಕೇಳುವುದಿಲ್ಲ. ಅದರಿಂದ ಬೂಟ್ ಆದರೆ ಮುಂದಿನ ಸಲ ಅದನ್ನು ತೆಗೆದು 'ನೋಎಪಿಐಸಿ', ಆಮೇಲೆ 'ನೋಎಲ್‌ಎಪಿಐಸಿ', ಆಮೇಲೆ 'ಪಿಸಿಐ=ನೋಎಸಿಪಿಐ' ಹೀಗೆ ಒಂದೊಂದೇ ನೋಡುತ್ತಾ ಹೋಗಿ. ಇವುಗಳಲ್ಲಿ ಒಂದರಲ್ಲೇ ಕೆಲಸ ಆದರೆ ನಷ್ಟ ಕಡಿಮೆ. ಮೇಲೆ ಹೇಳಿದ ಆಟಮ್ ಬೇ ಟ್ರೇಲ್ ಲ್ಯಾಪ್‌ಟಾಪ್ ಕೆಲಸದ ನಡುವೆ ಇದ್ದಕ್ಕಿದ್ದಂತೆ ಹೆಪ್ಪುಗಟ್ಟಿದರೆ 'ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=1' ಅದಕ್ಕೆಂದೇ ಹೆಸರಾದ ಮದ್ದು.

ಕೆಲಸ ಮಾಡಿದ ಆಯ್ಕೆಯನ್ನು ಇನ್‌ಸ್ಟಾಲ್ ಆದ ಮೇಲೆ ಉಳಿಸಿಕೊಳ್ಳಬೇಕು. 'ಇಟಿಸಿ' ಫೋಲ್ಡರಿನ 'ಡೀಫಾಲ್ಟ್' ಒಳಗಿರುವ 'ಗ್ರಬ್' ಫೈಲ್ ತೆರೆಯಿರಿ. 'ಕ್ವಯಟ್' ಇರುವ ಸಾಲಿನಲ್ಲಿ ಅದನ್ನು ಸೇರಿಸಿ 'ಸುಡೋ ಅಪ್‌ಡೇಟ್-ಗ್ರಬ್' ಕೊಡಿ.

ಇನ್‌ಸ್ಟಾಲ್ ನಡುವೆ ಸತ್ತರೆ

ಯಾವ ಸಂದೇಶವೂ ಇಲ್ಲದೆ ಟಪ್ ಅಂತ ಆಫ್ ಆಯಿತಾ? ಬಿಸಿ ಅಥವಾ ಚಾರ್ಜರ್ ಅನುಮಾನಿಸಿ. ಫೈಲ್ ಕಾಪಿ ಆಗುವಾಗ ಪ್ರೊಸೆಸರ್ ಬಿಡುವಿಲ್ಲದೆ ಓಡುತ್ತದೆ. ವರ್ಷಗಟ್ಟಲೆ ಬಿಚ್ಚದ ಲ್ಯಾಪ್‌ಟಾಪ್‌ನಲ್ಲಿ ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಧೂಳು ಕಂಬಳಿಯ ಹಾಗೆ ಕೂತಿರುತ್ತದೆ. ಹೊರಗಿನಿಂದ ಗಾಳಿ ಊದಿದರೆ ಅದು ಹೋಗುವುದಿಲ್ಲ, ಒಳಗೇ ಒತ್ತಿಕೊಳ್ಳುತ್ತದೆ. ಬಿಚ್ಚಿ, ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು, ಧೂಳು ತೆಗೆಯಿರಿ. ಹೇಗೂ ಬಿಚ್ಚಿದ್ದೀರಿ, ಥರ್ಮಲ್ ಪೇಸ್ಟ್ ಕೂಡ ಬದಲಿಸಿಬಿಡಿ.

'ಸ್ಕ್ವಾಶ್‌ಎಫ್‌ಎಸ್ ಎರರ್' ಅಂತ ಸಾಲುಸಾಲಾಗಿ ಬಂದರೆ ಪೆನ್ ಡ್ರೈವ್ ಅಥವಾ ರ‍್ಯಾಮ್. ಬೇರೆ ಪೆನ್ ಡ್ರೈವ್‌ನಲ್ಲಿ ನೋಡಿ. ಅದೇ ಗೋಳು ಅಂದರೆ ಮೆಮ್‌ಟೆಸ್ಟ್86+ ಓಡಿಸಿ, ಕಡೇ ಪಕ್ಷ ಒಂದು ಸುತ್ತು ಪೂರ್ತಿ. 2022ರಲ್ಲಿ ಬಂದ 6ನೇ ಆವೃತ್ತಿಯಿಂದ ಅದು ಯುಇಎಫ್‌ಐ ಲ್ಯಾಪ್‌ಟಾಪ್‌ಗಳಲ್ಲೂ ಓಡುತ್ತದೆ. ಕೆಂಪು ಸಾಲು ಒಂದೇ ಒಂದು ಬಂದರೂ ರ‍್ಯಾಮ್ ಸರಿ ಇಲ್ಲ. ಎರಡು ಸ್ಟಿಕ್ ಇದ್ದರೆ ಒಂದೊಂದೇ ಹಾಕಿ ನೋಡಿ. ತೆಗೆದು, ಚಿನ್ನದ ಬಣ್ಣದ ತುದಿಯನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿದರೆ ಸರಿಹೋಗುವುದೂ ಉಂಟು. ಮುಟ್ಟುವ ಮೊದಲು ಬ್ಯಾಟರಿ ತೆಗೆದಿರಿ.

ಡಿಸ್ಕ್ ಮೇಲೆ ಅನುಮಾನ ಇದ್ದರೆ ಲೈವ್ ಸೆಷನ್‌ನಲ್ಲೇ (ಪೆನ್ ಡ್ರೈವಿನಿಂದ ನೇರ ಓಡುವ ಲಿನಕ್ಸಿನಲ್ಲೇ) 'ಸುಡೋ ಸ್ಮಾರ್ಟ್‌ಸಿಟಿಎಲ್ -ಎ', ಆಮೇಲೆ ಡಿಸ್ಕಿನ ಹೆಸರು ಕೊಟ್ಟು ನೋಡಿ. ಕಮಾಂಡ್ ಇಲ್ಲ ಅಂದರೆ 'ಸ್ಮಾರ್ಟ್‌ಮಾನ್‌ಟೂಲ್ಸ್' ಪ್ಯಾಕೇಜ್ ಹಾಕಿಕೊಳ್ಳಬೇಕು. ಇದೇ ಉಪಕರಣ ಡಿಸ್ಕಿನ ಒಟ್ಟು ಆರೋಗ್ಯ 'ಪಾಸ್ಡ್' ಅಂತ ಹೇಳಿದರೂ ನಂಬಿ ಕೂರಬೇಡಿ. ನೋಡಬೇಕಾದ್ದು ಪಟ್ಟಿಯ ಕೊನೆಯ ಕಾಲಂನ ಮೂರು ಸಂಖ್ಯೆ. 5ನೇ ನಂಬರಿನದು ಬದಲಿ ಜಾಗಕ್ಕೆ ಕಳಿಸಿದ ಸೆಕ್ಟರ್‌ಗಳು. 197 ಅಂದರೆ ಓದಲಾಗದೆ ಕಾಯುತ್ತಿರುವವು. ಇವೆರಡರಲ್ಲಿ ಸಂಖ್ಯೆ ಏರುತ್ತಾ ಇದ್ದರೆ ಆ ಡಿಸ್ಕಿಗೆ ಲಿನಕ್ಸ್ ಹಾಕುವುದೇ ದಂಡ. 199 ಏರಿದರೆ ಮಾತ್ರ ಡಿಸ್ಕನ್ನು ಬೈಯಬೇಡಿ, ಹೆಚ್ಚಾಗಿ ಅದು ಕನೆಕ್ಟರ್ ಅಥವಾ ಕೇಬಲ್ ದೋಷ. ಸಾಟಾ ಲ್ಯಾಪ್‌ಟಾಪ್ ಆದರೆ 2.5 ಇಂಚಿನ ಎಸ್‌ಎಸ್‌ಡಿ ಹಾಕಿಬಿಡಿ. ಹಳೆ ಡಿಸ್ಕ್ 9.5 ಮಿಲಿಮೀಟರ್ ದಪ್ಪ, ಎಸ್‌ಎಸ್‌ಡಿ 7. ಅಲುಗಾಡದಂತೆ ನಡುವೆ ಒಂದು ಸ್ಪೇಸರ್ ಬೇಕಾಗಬಹುದು.

ಇನ್‌ಸ್ಟಾಲರಿಗೆ ಡಿಸ್ಕ್ ಕಾಣುವುದೇ ಇಲ್ಲ ಅಂದರೆ ಬಯೋಸ್‌ನಲ್ಲಿ ಸಾಟಾ ಮೋಡ್ ನೋಡಿ. ರೇಡ್ ಅಂತ ಇದ್ದರೆ ಎಎಚ್‌ಸಿಐಗೆ ಬದಲಿಸಿ. ಪಕ್ಕದಲ್ಲಿ ವಿಂಡೋಸ್ ಉಳಿಸಿಕೊಳ್ಳುವವರು ಮೊದಲು ಅದನ್ನು ಸೇಫ್ ಮೋಡ್‌ನಲ್ಲಿ ಏಳುವಂತೆ ಮಾಡಿ ಆಮೇಲೆ ಬದಲಿಸಿ. ಇಲ್ಲದಿದ್ದರೆ ನೀಲಿ ಸ್ಕ್ರೀನ್ ಗ್ಯಾರಂಟಿ.

ವೈಫೈ

ಅತಿ ಹೆಚ್ಚು ತಲೆ ತಿನ್ನುವುದು ಇದೇ. ಮೊದಲು 'ಆರ್‌ಎಫ್‌ಕಿಲ್ ಲಿಸ್ಟ್' ಕೊಡಿ. 'ಸಾಫ್ಟ್ ಬ್ಲಾಕ್ಡ್: ಯೆಸ್' ಅಂತ ಬಂದರೆ 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಆಲ್' ಸಾಕು. 'ಹಾರ್ಡ್ ಬ್ಲಾಕ್ಡ್: ಯೆಸ್' ಅಂದರೆ ಯಾವ ಕಮಾಂಡಿಗೂ ಬಗ್ಗುವುದಿಲ್ಲ. ಹಳೆ ಲ್ಯಾಪ್‌ಟಾಪಿನ ಮುಂದಿನ ಅಂಚಿನಲ್ಲೋ ಪಕ್ಕದಲ್ಲೋ ಉಗುರಿನಷ್ಟು ಒಂದು ಜಾರು ಸ್ವಿಚ್ ಇರುತ್ತದೆ, ಹುಡುಕಿ. ಇಲ್ಲದಿದ್ದರೆ ಎಫ್‌ಎನ್ ಜೊತೆ ಒತ್ತುವ ಆಂಟೆನಾ ಚಿತ್ರದ ಕೀ.

ಆರ್‌ಎಫ್‌ಕಿಲ್ ಪಟ್ಟಿಯಲ್ಲಿ ವೈಫೈ ಹೆಸರೇ ಇಲ್ಲ ಅಂದರೆ ಡ್ರೈವರ್ ಇಲ್ಲ ಅಂತ. ಈಗ 'ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ' ಕೊಟ್ಟು ನೆಟ್‌ವರ್ಕ್ ಸಾಲು ನೋಡಿ. ಸಾಲಿನ ಕೊನೆಯಲ್ಲಿ ಚೌಕ ಆವರಣದಲ್ಲಿ 14ಇ4:4315 ಥರದ ಒಂದು ಜೋಡಿ ಇರುತ್ತದೆ. ಅದರ ಕೆಳಗೆ 'ಕರ್ನಲ್ ಡ್ರೈವರ್ ಇನ್ ಯೂಸ್' ಸಾಲು ಇದೆಯೋ ಇಲ್ಲವೋ ಅದೂ ಮುಖ್ಯ. ಕಾರ್ಡಿನ ಮೇಲೆ ಅಂಟಿಸಿದ ಹೆಸರು ಬಿಡಿ, ಆ ಜೋಡಿಯನ್ನು ನಂಬಿ. ಮೊದಲ ನಾಲ್ಕು ಅಕ್ಷರ ಕಂಪನಿಯದು. 8086 ಇಂಟೆಲ್, 168ಸಿ ಅಥೆರೋಸ್, 10ಇಸಿ ರಿಯಲ್‌ಟೆಕ್, 14ಇ4 ಬ್ರಾಡ್‌ಕಾಮ್.

ಅಥೆರೋಸ್ ಕಾರ್ಡ್ ಎಟಿಎಚ್9ಕೆ ಡ್ರೈವರಿನದಾದರೆ ನಿಮ್ಮ ಪುಣ್ಯ. ಅದಕ್ಕೆ ಬೇರೆ ಫರ್ಮ್‌ವೇರ್ ಕೂಡ ಬೇಡ. ಇಂಟೆಲ್‌ಗೆ ಫರ್ಮ್‌ವೇರ್ ಬೇಕು, ಆದರೆ ಹಂಚಲು ಅನುಮತಿ ಇರುವುದರಿಂದ ಜೊತೆಗೇ ಬರುತ್ತದೆ. 2023ರ ಡೆಬಿಯನ್ 12ರಿಂದ ಡೆಬಿಯನ್ನಿನ ಅಧಿಕೃತ ಐಎಸ್‌ಒ ಒಳಗೂ ಇಂಥ ಫರ್ಮ್‌ವೇರ್ ಸೇರಿದೆ. ಬ್ರಾಡ್‌ಕಾಮ್‌ನ ಬಿ43 ಡ್ರೈವರಿಗೆ ಬೇಕಾದ ಫರ್ಮ್‌ವೇರ್ ಹಾಗಲ್ಲ. ಅದನ್ನು ಹಂಚುವ ಅನುಮತಿ ಇಲ್ಲ. ಹಾಗಾಗಿ ಪ್ಯಾಕೇಜ್ ತಾನೇ ಇಂಟರ್ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ಇಂಟರ್ನೆಟ್ ಬೇಕು ಅಂದರೆ ವೈಫೈ ಬೇಕು, ವೈಫೈ ಬೇಕು ಅಂದರೆ ಇಂಟರ್ನೆಟ್ ಬೇಕು!

ಮೊಬೈಲನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆಂಡ್ರಾಯ್ಡ್ ಫೋನ್ ಆದರೆ ಲಿನಕ್ಸಿಗೆ ಅದು ತಂತಿ ನೆಟ್‌ವರ್ಕ್ ಹಾಗೆ ಕಾಣುತ್ತದೆ, ಡ್ರೈವರ್ ಹಾಕುವ ಗೊಡವೆ ಇಲ್ಲ. ಫೋನ್ ವೈಫೈಗೆ ಸೇರಿದ್ದರೆ ಮೊಬೈಲ್ ಡೇಟಾ ಕೂಡ ಖರ್ಚಾಗುವುದಿಲ್ಲ.

ಈಗ ಜೋಡಿಯ ಎರಡನೇ ಭಾಗ. 4315 ಅಂದರೆ ಬಿಸಿಎಂ4312, ಅದಕ್ಕೆ 'ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್' ಪ್ಯಾಕೇಜ್. 4727 ಅಂದರೆ ಬಿಸಿಎಂ4313, ಅದಕ್ಕೆ ಕರ್ನಲ್ಲಿನಲ್ಲೇ ಡ್ರೈವರ್ ಇದೆ. 4365 ಅಂದರೆ ಬಿಸಿಎಂ43142, ಬಿ43 ಅದಕ್ಕೆ ಆಗುವುದಿಲ್ಲ. ಬ್ರಾಡ್‌ಕಾಮ್ ಕಂಪನಿಯದೇ ಡಬ್ಲ್ಯುಎಲ್ ಡ್ರೈವರ್ ಬೇಕು. ಡೆಬಿಯನ್ನಲ್ಲಿ 'ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್' ಅನ್ನುವ ಪ್ಯಾಕೇಜ್. ಇದು ನಿಮ್ಮ ಕರ್ನಲ್ಲಿಗೆ ತಕ್ಕಂತೆ ಅಲ್ಲೇ ಕಂಪೈಲ್ ಆಗುತ್ತದೆ, ಹಾಗಾಗಿ ಕರ್ನಲ್ ಹೆಡರ್ಸ್ ಪ್ಯಾಕೇಜ್ ಮೊದಲೇ ಇರಬೇಕು. ಇದನ್ನು ಹಾಕಿದ ಮೇಲೂ ಏನೂ ಆಗದಿದ್ದರೆ ಎರಡು ಕಾರಣ ಇರಬಹುದು. ಒಂದು, ಕರ್ನಲ್ಲಿನ ಬೇರೆ ಡ್ರೈವರ್ ಇನ್ನೂ ಕಾರ್ಡನ್ನು ಹಿಡಿದುಕೊಂಡಿದೆ, ಒಮ್ಮೆ ರೀಬೂಟ್ ಮಾಡಿದರೆ ಬಿಡುತ್ತದೆ. ಎರಡು, ಸೆಕ್ಯೂರ್ ಬೂಟ್ ಆನ್ ಇದೆ. ಸಹಿ ಇಲ್ಲದ ಮಾಡ್ಯೂಲನ್ನು ಕರ್ನಲ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಂದೋ ಸೆಕ್ಯೂರ್ ಬೂಟ್ ಆಫ್ ಮಾಡಿ. ಇಲ್ಲದಿದ್ದರೆ ಡ್ರೈವರ್ ಹಾಕುವಾಗ ಕೇಳಿದ ಪಾಸ್‌ವರ್ಡ್ ನೆನಪಿಟ್ಟುಕೊಂಡು, ಮುಂದಿನ ಬೂಟಿನಲ್ಲಿ ಬರುವ ನೀಲಿ ಪುಟದಲ್ಲಿ 'ಎನ್‌ರೋಲ್ ಎಂಒಕೆ' ಆರಿಸಿ.

ಕರ್ನಲ್ ಅಪ್‌ಡೇಟ್ ಆದಾಗಲೆಲ್ಲ ವೈಫೈ ಹೋಗುತ್ತಿದ್ದರೆ ಇಷ್ಟು ಕಷ್ಟಪಡುವುದು ಬೇಡ, ಕಾರ್ಡನ್ನೇ ಬದಲಿಸಿ. ಹಳೆ ಲ್ಯಾಪ್‌ಟಾಪ್‌ಗಳಲ್ಲಿ ಅದು ಹೆಚ್ಚಾಗಿ ಒಂದೆರಡು ಸ್ಕ್ರೂ, ಎರಡು ಸಣ್ಣ ಆಂಟೆನಾ ತಂತಿಯ ಕೆಲಸ. ಕೊಳ್ಳುವ ಮೊದಲು ಅರ್ಧ ಉದ್ದದ ಮಿನಿ ಪಿಸಿಐಇ ಕಾರ್ಡೋ ಪೂರ್ತಿ ಉದ್ದದ್ದೋ ಅಳೆದು ನೋಡಿ. ಕೆಲವು ಥಿಂಕ್‌ಪ್ಯಾಡ್ ಮತ್ತು ಎಚ್‌ಪಿ ಮಾಡೆಲ್‌ಗಳ ಬಯೋಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಬೂಟ್ ಆಗುವುದಕ್ಕೇ ಒಪ್ಪುವುದಿಲ್ಲ. ಅಂಥ ಕಡೆ ಯುಎಸ್‌ಬಿ ವೈಫೈ ಡಾಂಗಲ್ ಸಾಕು.

ತಾರೀಖು ನೋಡಿದ್ದೀರಾ?

ಇಂಟರ್ನೆಟ್ ಇದೆ, ಆದರೆ ಬ್ರೌಸರ್ ಎಲ್ಲ ಸೈಟನ್ನೂ ಅಪಾಯ ಅನ್ನುತ್ತದೆ. ಅಪ್‌ಡೇಟ್ ಕೊಟ್ಟರೆ 'ನಾಟ್ ವ್ಯಾಲಿಡ್ ಯೆಟ್' ಅಂತ ಬೈಯುತ್ತದೆ. ಜನ ಇದನ್ನು ನೆಟ್‌ವರ್ಕ್ ತೊಂದರೆ ಅಂದುಕೊಂಡು ಡ್ರೈವರ್ ಕೆದಕಲು ಶುರುಮಾಡುತ್ತಾರೆ. ಮೂಲೆಯ ಗಡಿಯಾರ ನೋಡಿ, ವರ್ಷ 2009 ಅಂತಲೋ ಏನೋ ಇರುತ್ತದೆ. ಮದರ್‌ಬೋರ್ಡ್ ಮೇಲಿನ ಸಿಮಾಸ್ ಬ್ಯಾಟರಿ ಸತ್ತಿದೆ, ಅಷ್ಟೆ. ಸದ್ಯಕ್ಕೆ ಬಯೋಸ್‌ನಲ್ಲಿ ತಾರೀಖು ಸರಿಮಾಡಿ. ಹೆಚ್ಚಾಗಿ ಅದು 3 ವೋಲ್ಟಿನ ಸಿಆರ್2032, ಲ್ಯಾಪ್‌ಟಾಪ್‌ನಲ್ಲಿ ತಂತಿ ಮತ್ತು ಕನೆಕ್ಟರ್ ಸಮೇತ ಇರುತ್ತದೆ. ಬದಲಿಸುವುದೇ ಒಳ್ಳೆಯದು. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ಸತ್ತರೆ ಗಡಿಯಾರ ಮಾತ್ರ ಅಲ್ಲ, ನೀವು ಬದಲಿಸಿದ ಸಾಟಾ ಮೋಡ್, ಬೂಟ್ ಕ್ರಮ ಎಲ್ಲ ಮೊದಲಿನಂತಾಗುತ್ತದೆ. 'ನಿನ್ನೆ ಬೂಟ್ ಆಗಿತ್ತು, ಇವತ್ತು ಇಲ್ಲ' ಅನ್ನುವ ಎಷ್ಟೋ ದೂರಿನ ಬುಡ ಇದು.

ಇನ್‌ಸ್ಟಾಲ್ ಆಯಿತು, ಏಳುತ್ತಿಲ್ಲ

ಪೆನ್ ಡ್ರೈವ್ ಯಾವ ಮೋಡ್‌ನಲ್ಲಿ ಎದ್ದಿತ್ತೋ ಇನ್‌ಸ್ಟಾಲ್ ಕೂಡ ಅದೇ ಮೋಡ್‌ನಲ್ಲಿ ಆಗುತ್ತದೆ. ಲೈವ್ ಸೆಷನ್‌ನಲ್ಲಿ 'ಸಿಸ್' ಫೋಲ್ಡರಿನ 'ಫರ್ಮ್‌ವೇರ್' ಒಳಗೆ 'ಇಎಫ್‌ಐ' ಅಂತ ಫೋಲ್ಡರ್ ಇದ್ದರೆ ಅದು ಯುಇಎಫ್‌ಐ, ಇಲ್ಲದಿದ್ದರೆ ಹಳೆ ಬಯೋಸ್. ಬಯೋಸ್ ಮೋಡ್‌ನಲ್ಲಿ ಜಿಪಿಟಿ (ಎಂಬಿಆರ್ ನಂತರದ ಹೊಸ ಪಾರ್ಟಿಷನ್ ವಿಧ) ಡಿಸ್ಕಿಗೆ ಹಾಕಿದ್ದರೆ ಗ್ರಬ್ ಕೂರಲು 1 ಎಂಬಿಯ 'ಬಯೋಸ್_ಗ್ರಬ್' ಪಾರ್ಟಿಷನ್ ಬೇಕು. ಎಂಬಿಆರ್ ಡಿಸ್ಕ್ ಆದರೆ, ಯಾವುದಾದರೂ ಒಂದು ಪಾರ್ಟಿಷನ್ನಿಗೆ 'ಬೂಟ್' ಗುರುತು ಇಲ್ಲದಿದ್ದರೆ ಕೆಲವು ಬಯೋಸ್ ಡಿಸ್ಕ್ ಖಾಲಿ ಅಂದುಕೊಂಡು ಮುಂದೆ ಹೋಗುತ್ತವೆ. ಜಿಪಾರ್ಟೆಡ್‌ನಲ್ಲಿ ಆ ಗುರುತು ಹಾಕಿದರೆ ಮುಗಿಯಿತು.

ಮೊದಮೊದಲ ಯುಇಎಫ್‌ಐಗಳಲ್ಲಿ ಕೆಲವು ಗ್ರಬ್ ಹೆಸರನ್ನು ನೆನಪಿಟ್ಟುಕೊಳ್ಳುವುದೇ ಇಲ್ಲ. 'ಬೂಟ್ಎಕ್ಸ್64' ಅನ್ನುವ ಇಎಫ್‌ಐ ಫೈಲ್ ಮಾತ್ರ ಹುಡುಕುತ್ತವೆ. 'ಗ್ರಬ್-ಇನ್‌ಸ್ಟಾಲ್' ಕಮಾಂಡಿಗೆ '--ರಿಮೂವಬಲ್' ಸೇರಿಸಿ ಓಡಿಸಿದರೆ ಗ್ರಬ್ ಆ ಹೆಸರಿನಲ್ಲೇ ಹೋಗಿ ಕೂರುತ್ತದೆ. ಡೆಬಿಯನ್ ಇನ್‌ಸ್ಟಾಲರ್ ಎಕ್ಸ್‌ಪರ್ಟ್ ಮೋಡ್‌ನಲ್ಲಿ ಇದೇ ಪ್ರಶ್ನೆ ಕೇಳುತ್ತದೆ, ಹೌದು ಅನ್ನಿ.

ಉಳಿದ ಸಣ್ಣಪುಟ್ಟವು

ಟಚ್‌ಪ್ಯಾಡ್ ಸತ್ತಂತಿದ್ದರೆ ಎಫ್‌ಎನ್ ಕೀ ಒತ್ತಿ ಅದು ಆಫ್ ಆಗಿದೆಯಾ ನೋಡಿ, ಆಮೇಲೆ ಬೂಟ್ ಸಾಲಿಗೆ 'ಐ8042.ನೋಮಕ್ಸ್' ಮತ್ತು 'ಐ8042.ರೀಸೆಟ್'. ಸದ್ದಿಲ್ಲದಿದ್ದರೆ 'ಆಲ್ಸಾಮಿಕ್ಸರ್' ತೆರೆದು ಎಫ್6 ಒತ್ತಿ. ಎಚ್‌ಡಿಎಂಐ ಬದಲು ಅನಲಾಗ್ ಕಾರ್ಡ್ ಆರಿಸಿ. ಕೆಳಗೆ 'ಎಂಎಂ' ಅಂತ ಕಾಣುವ ಕಂಬದ ಮೇಲೆ ನಿಂತು 'ಎಂ' ಒತ್ತಿದರೆ ಮ್ಯೂಟ್ ಬಿಡುತ್ತದೆ. ಹೆಡ್‌ಫೋನ್‌ನಲ್ಲಿ ಬರುತ್ತದೆ, ಸ್ಪೀಕರ್‌ನಲ್ಲಿ ಇಲ್ಲ ಅಂದರೆ 'ಆಟೋ-ಮ್ಯೂಟ್' ಆಫ್ ಮಾಡಿ.

ಮುಚ್ಚಳ ಹಾಕಿ ತೆಗೆದರೆ ಏಳದಿರುವುದು ಮಾತ್ರ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಕೊನೆಗೂ ಬಗೆಹರಿಯುವುದಿಲ್ಲ, ನೂವೋ ಇರುವ ಕಡೆ ವಿಶೇಷವಾಗಿ. ಬೇರೆ ಕರ್ನಲ್ ಆವೃತ್ತಿ ಒಂದೆರಡು ನೋಡಿ. ಆಗದಿದ್ದರೆ ಪವರ್ ಸೆಟ್ಟಿಂಗ್ಸ್‌ನಲ್ಲಿ ಮುಚ್ಚಳ ಹಾಕಿದಾಗ ಸ್ಕ್ರೀನ್ ಮಾತ್ರ ಆಫ್ ಆಗುವಂತೆ ಇಡಿ. ಎಸ್‌ಎಸ್‌ಡಿ ಹಾಕಿದ್ದರೆ ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡುವುದೂ ಅಂಥ ಹೊತ್ತಿನ ಕೆಲಸವೇನಲ್ಲ.